ಬಿಳಿ ಬಟ್ಟೆಯ ಮೇಲೆ ಕಪ್ಪು ಎಲ್ಲಿಂದ ಬಂತು?

ಮೇ ತಿಂಗಳ ಒಂದು ಶನಿವಾರ ಬಳ್ಳಾರಿಯ ಉದ್ಯಾನವೊಂದರಲ್ಲಿ ಉಚಿತ ಸಿನಿಮಾ ತೋರಿಸುತ್ತಾರೆಂದು ತಿಳಿದು, ಆರೂವರೆಗೇ ಹೋಗಿ ಹುಲ್ಲಿನ ಮೇಲೆ ಚಾಪೆ ಹಾಸಿಕೊಂಡು ಕುಳಿತಿದ್ದೆವು. ಎರಡು ಕಂಬಗಳ ನಡುವೆ ಸುಮಾರು 4 ಮೀಟರ್ ಅಗಲ, 3 ಮೀಟರ್ ಎತ್ತರದ ಬಿಳಿ ಬಟ್ಟೆಯನ್ನು ಎಳೆದು ಕಟ್ಟಿದ್ದರು. ಎರಡು ತುಂಡು ಜೋಡಿಸಿದ ಹೊಲಿಗೆ ಅದರ ನಡುವೆ ಅಡ್ಡಲಾಗಿ ಎದ್ದು ಕಾಣುತ್ತಿತ್ತು. ಜೀನ್ಸ್ ಹೊಲಿಯುವ ಊರಿನಲ್ಲಿ ಪರದೆಗೂ ಜೀನ್ಸಿನದೇ ದಪ್ಪ ಹೊಲಿಗೆ ಬಿದ್ದಿದ್ದರೆ ಆಶ್ಚರ್ಯವೇನಿಲ್ಲ. ಪ್ರೊಜೆಕ್ಟರ್ ಹಚ್ಚಿದಾಗ ಬಟ್ಟೆಯ ಮೇಲೆ ಏನೋ ಮಸುಕಾಗಿ ಅಲುಗಾಡಿತೇ ಹೊರತು ಚಿತ್ರ ಮೂಡಲಿಲ್ಲ. ಮುಂದೆ ಕುಳಿತ ಹುಡುಗರು ಗದ್ದಲ ಎಬ್ಬಿಸಿದಾಗ ಆಪರೇಟರ್, "ಇನ್ನಾ ಬೆಳಕೈತ್ರೀ, ಸ್ವಲ್ಪ ತಡೀರಿ" ಎಂದು ಹೇಳಿ ಅದನ್ನು ಆರಿಸಿಬಿಟ್ಟರು.

ಅವರ ಆ ಒಂದು ಮಾತಿನಲ್ಲಿ ಬಯಲು ಸಿನಿಮಾದ ವಿಜ್ಞಾನವೆಲ್ಲ ಅಡಗಿದೆ. ಪ್ರೊಜೆಕ್ಟರ್ ಬಟ್ಟೆಯ ಮೇಲೆ ಬೆಳಕನ್ನು ಚೆಲ್ಲಬಲ್ಲದು. ಅಲ್ಲಿ ಆಗಲೇ ಇರುವ ಬೆಳಕನ್ನು ಒರೆಸಿ ತೆಗೆಯಲಾರದು. ಕಪ್ಪು ಬಣ್ಣದ ಬೆಳಕು ಎಂಬುದೇ ಇಲ್ಲ. ಹಾಗಾದರೆ ಪರದೆಯ ಮೇಲೆ ನಾಯಕಿಯ ಜಡೆ, ಅಮಾವಾಸ್ಯೆಯ ಆಕಾಶ, ಖಳನ ಕರಿಕೋಟು ಕಪ್ಪಾಗಿ ಕಾಣುವುದು ಹೇಗೆಂದರೆ, ಆ ಜಾಗಗಳಿಗೆ ಪ್ರೊಜೆಕ್ಟರ್ ಹೆಚ್ಚುಕಡಿಮೆ ಏನನ್ನೂ ಕಳಿಸುತ್ತಿಲ್ಲ, ಅಷ್ಟೆ. ಅಲ್ಲಿ ಉಳಿದಿರುವುದು ಬರಿಯ ಬಿಳಿ ಬಟ್ಟೆ. ಅಂದರೆ ಉದ್ಯಾನದ ಬೆಳಕಿನಲ್ಲಿ ಆ ಬಟ್ಟೆ ಎಷ್ಟು ಬೆಳ್ಳಗೆ ಕಾಣುತ್ತದೋ, ಆ ಹೊತ್ತಿನ ಸಿನಿಮಾದಲ್ಲಿ ಅದಕ್ಕಿಂತ ಕಪ್ಪಾದದ್ದು ಯಾವುದೂ ಇರಲು ಸಾಧ್ಯವಿಲ್ಲ.

ಇದನ್ನು ಲೆಕ್ಕ ಹಾಕಿಯೂ ನೋಡಬಹುದು. 3000 ಲ್ಯೂಮೆನ್ ಸಾಮರ್ಥ್ಯದ ಪ್ರೊಜೆಕ್ಟರಿನ ಬೆಳಕು 12 ಚದರ ಮೀಟರ್ ಬಟ್ಟೆಯ ಮೇಲೆ ಹರಡಿದರೆ ಪ್ರತಿ ಚದರ ಮೀಟರಿಗೆ 250 ಲ್ಯೂಮೆನ್, ಅಂದರೆ 250 ಲಕ್ಸ್ ಸಿಗುತ್ತದೆ. ಸೂರ್ಯ ಮುಳುಗುವ ಗಳಿಗೆಯಲ್ಲಿ ಬಯಲಿನ ಬೆಳಕೇ ಸುಮಾರು 400 ಲಕ್ಸ್ ಇರುವುದರಿಂದ, ಚಿತ್ರದ ಅತಿ ಬಿಳಿ ಭಾಗದಲ್ಲಿ 650, ಅತಿ ಕಪ್ಪು ಭಾಗದಲ್ಲಿ 400; ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ಅಂತರ, ಅಷ್ಟರಲ್ಲಿ ಮುಖದ ಗುರುತೂ ಹತ್ತುವುದಿಲ್ಲ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿದಾಗ ಬಯಲಿನ ಬೆಳಕು 3 ಲಕ್ಸಿನ ಆಸುಪಾಸಿಗೆ ಬಂದು ಅಂತರ ಎಂಬತ್ತು ಪಟ್ಟು ದಾಟುತ್ತದೆ. ಹುಣ್ಣಿಮೆಯ ಚಂದ್ರ ಅರ್ಧ ಲಕ್ಸನ್ನೂ ಕೊಡದ ಕಾರಣ ಅವನಿಂದ ತೊಂದರೆಯಿಲ್ಲ. ಬೀದಿದೀಪ ಹತ್ತಿರವಿದ್ದು 10 ಲಕ್ಸ್ ಬಿದ್ದರೆ ಮಾತ್ರ ಅಂತರ ಇಪ್ಪತ್ತಾರು ಪಟ್ಟಿಗೆ ಕುಸಿಯುತ್ತದೆ. ಪ್ರದರ್ಶನ ಏರ್ಪಡಿಸುವವರು ದುಬಾರಿ ಪ್ರೊಜೆಕ್ಟರಿಗೆ ಖರ್ಚು ಮಾಡುವ ಮೊದಲು ಹತ್ತಿರದ ಎರಡು ದೀಪಗಳನ್ನು ಆರಿಸುವ ವ್ಯವಸ್ಥೆ ಮಾಡುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಬಳ್ಳಾರಿಯಲ್ಲಿ ಕಾಯುವ ಸಮಯ ಎಷ್ಟೆಂಬುದನ್ನು ಭೂಗೋಳ ನಿರ್ಧರಿಸುತ್ತದೆ. ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಬಳ್ಳಾರಿ ಇರುವುದು 77 ಡಿಗ್ರಿಯ ಸಮೀಪ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ಇಲ್ಲಿ ಸುಮಾರು 22 ನಿಮಿಷ ತಡವಾಗಿ ಬರುತ್ತಾನೆ, ತಡವಾಗಿಯೇ ಹೋಗುತ್ತಾನೆ. ಹೀಗಾಗಿ ಮೇ ಕೊನೆಯಲ್ಲಿ ಮುಳುಗುವುದು 6.45ರ ಹೊತ್ತಿಗೆ. ಆದರೆ 15 ಡಿಗ್ರಿ ಅಕ್ಷಾಂಶದಲ್ಲಿ ಅವನು ಕಡಿದಾಗಿ ಇಳಿಯುವುದರಿಂದ ಆ 6 ಡಿಗ್ರಿ ಕೆಳಗೆ ಹೋಗಲು ಇಪ್ಪತ್ತಮೂರು, ಇಪ್ಪತ್ತನಾಲ್ಕು ನಿಮಿಷ ಸಾಕು. ಜೂನ್ ತಿಂಗಳ ಲಂಡನ್ನಿನಲ್ಲಾದರೆ ಅದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಮುಗಿಸುವಷ್ಟರಲ್ಲಿ ನಮಗೆ ಕತ್ತಲಾಗಿತ್ತು.

ಚಿತ್ರ ಶುರುವಾದ ಮೇಲೆ ಕೆಲವು ಮಕ್ಕಳು ಪರದೆಯ ಹಿಂದಕ್ಕೆ ಓಡಿದರು. ಅಲ್ಲಿಯೂ ಸಿನಿಮಾ ಕಾಣುತ್ತಿತ್ತು. ಆದರೆ ಅಕ್ಷರಗಳು ತಿರುಗುಮುರುಗಾಗಿ, ನಾಯಕ ಎಡಗೈಯಲ್ಲಿ ಗುದ್ದುತ್ತಿದ್ದ. ತೆಳು ಹತ್ತಿಬಟ್ಟೆ ತನ್ನ ಮೇಲೆ ಬಿದ್ದ ಬೆಳಕಿನ ಒಂದು ಪಾಲನ್ನು ಹಿಂದಕ್ಕೆ ಸೋರಲು ಬಿಡುತ್ತದೆ. ಮುಂದಿನವರಿಗೆ ನಷ್ಟವಾದದ್ದು ಹಿಂದಿನವರಿಗೆ ಲಾಭ. ಇದನ್ನು ಬೇಕೆಂದೇ ಬಳಸಿಕೊಂಡವರೂ ಇದ್ದಾರೆ: 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಲೂಮಿಯೇರ್ ಸಹೋದರರು ತಮ್ಮ ಭಾರಿ ಪರದೆಯನ್ನು ನೀರಿನಲ್ಲಿ ತೋಯಿಸಿ, ಎರಡೂ ಬದಿಯ ಜನರಿಗೆ ಚಿತ್ರ ಕಾಣುವಂತೆ ಮಾಡಿದ್ದರು. ಒದ್ದೆಯಾದ ಬಿಳಿ ಪಂಚೆ ಮೈ ಕಾಣಿಸುವುದೂ ಇದೇ ಕಾರಣಕ್ಕೆ. ಒಣ ಬಟ್ಟೆಯಲ್ಲಿ ನೂಲಿಗೂ ಅದರ ಸಂದಿನ ಗಾಳಿಗೂ ವಕ್ರೀಭವನದಲ್ಲಿ ಬಹಳ ವ್ಯತ್ಯಾಸವಿರುವುದರಿಂದ ಬೆಳಕು ಎಲ್ಲೆಡೆ ಚದುರಿ ಬಟ್ಟೆ ಬೆಳ್ಳಗೆ ಕಾಣುತ್ತದೆ. ಸಂದಿಗೆ ನೀರು ತುಂಬಿದಾಗ ಆ ವ್ಯತ್ಯಾಸ ಕುಗ್ಗಿ, ಚದುರುವಿಕೆ ಇಳಿದು, ಬೆಳಕು ಆಚೆಗೆ ದಾಟುತ್ತದೆ.

ಹಿಂದಿನ ಸಂಜೆ ಒಂದು ಅಡ್ಡಮಳೆ ಬಿದ್ದಿದ್ದರಿಂದ ರೆಕ್ಕೆ ಬಂದ ಗೆದ್ದಲುಗಳು ಬೆಳಕಿನ ಕೋಲಿನ ಸುತ್ತ ಮುತ್ತಿಕೊಂಡವು. ಹುಳುಗಳು ದೀಪಕ್ಕೆ ಮರುಳಾಗುತ್ತವೆ ಎಂಬುದು ನಮ್ಮ ಕವಿಗಳ ಹಳೆಯ ಮಾತು. 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ವಿಜ್ಞಾನಿಗಳು ಪತಂಗ, ಏರೋಪ್ಲೇನ್ ಚಿಟ್ಟೆ ಮುಂತಾದವುಗಳ ಹಾರಾಟವನ್ನು ಅತಿವೇಗದ ಕ್ಯಾಮೆರಾದಿಂದ ಚಿತ್ರಿಸಿ ಬೇರೆಯದೇ ಸಂಗತಿ ಕಂಡರು. ಹಾರುವ ಕೀಟ ತನ್ನ ಬೆನ್ನನ್ನು ಹೆಚ್ಚು ಬೆಳಕಿನ ಕಡೆಗೆ ಇಟ್ಟುಕೊಳ್ಳುತ್ತದೆ. ದೀಪಗಳಿಲ್ಲದ ಕಾಲದಲ್ಲಿ ಹೆಚ್ಚು ಬೆಳಕೆಂದರೆ ಆಕಾಶವೇ ಆಗಿದ್ದರಿಂದ ಮೇಲು ಕೆಳಗು ಗೊತ್ತಾಗಲು ಅದು ಸುಲಭದ ದಾರಿ. ಪಕ್ಕದಲ್ಲಿ ದೀಪವಿದ್ದಾಗ ಅದಕ್ಕೆ ಬೆನ್ನು ತಿರುಗಿಸುತ್ತ ಹಾರಿ, ಅದರ ಸುತ್ತಲೇ ಸುತ್ತಬೇಕಾಗುತ್ತದೆ. ಮರುಳಲ್ಲ, ದಿಕ್ಕು ತಪ್ಪಿದ್ದು. ಲೆನ್ಸಿನ ಹತ್ತಿರ ಸುಳಿದ ಗೆದ್ದಲು ಪರದೆಯ ಮೇಲೆ ಆನೆಗಾತ್ರದ ಮಬ್ಬು ನೆರಳಾಗುತ್ತಿತ್ತು, ಪರದೆಯ ಮೇಲೆಯೇ ಕುಳಿತದ್ದು ಅಕ್ಕಿಕಾಳಿನಷ್ಟು ಚೂಪು ನೆರಳು ಚೆಲ್ಲುತ್ತಿತ್ತು.

ಧ್ವನಿಯ ವಿಷಯ ಸಂಕ್ಷೇಪವಾಗಿ ಹೇಳಬಹುದು. 34 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 350 ಮೀಟರ್ ಸಾಗುವುದರಿಂದ, ಪರದೆಯ ಪಕ್ಕದ ಸ್ಪೀಕರಿನಿಂದ 35 ಮೀಟರ್ ಹಿಂದೆ ಕುಳಿತವರಿಗೆ ಮಾತು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಮುಟ್ಟುತ್ತದೆ. ಅಷ್ಟರಲ್ಲಿ ಚಿತ್ರ ಎರಡು ಚೌಕಟ್ಟು ಮುಂದೆ ಹೋಗಿರುತ್ತದೆ. ದೂರದಲ್ಲಿ ಕಲ್ಲು ಒಡೆಯುವವನ ಸುತ್ತಿಗೆ ಕಂಡ ಮೇಲೆ ಸದ್ದು ಕೇಳಿ ರೂಢಿಯಾದ ನಮ್ಮ ಮಿದುಳು ಇದನ್ನು ಕ್ಷಮಿಸುತ್ತದೆ. ಸದ್ದೇ ಮೊದಲು ಬಂದರೆ ಮಾತ್ರ ಕೂಡಲೇ ಕಸಿವಿಸಿಯಾಗುತ್ತದೆ. ನಿರ್ಮಲ ರಾತ್ರಿಗಳಲ್ಲಿ ನೆಲ ಬೇಗ ತಣಿದು ಅದರ ಸಮೀಪದ ಗಾಳಿ ಮೇಲಿನದಕ್ಕಿಂತ ತಂಪಾದಾಗ, ಮೇಲಕ್ಕೆ ಹೊರಟ ಶಬ್ದ ಬಾಗಿ ಮತ್ತೆ ನೆಲಕ್ಕೆ ಇಳಿಯುತ್ತದೆ. ನಾಲ್ಕು ಓಣಿ ಆಚೆಯವರು ಮಂಚದ ಮೇಲೆ ಮಲಗಿಕೊಂಡೇ ಸಂಭಾಷಣೆ ಕೇಳುವುದು ಹೀಗೆ.

ಕೊನೆಯಲ್ಲಿ ಒಂದು ದೀರ್ಘ ರಾತ್ರಿಯ ದೃಶ್ಯವಿತ್ತು. ಪರದೆ ಎಷ್ಟು ಕಪ್ಪಾಗಿತ್ತೆಂದರೆ ಅದರ ಅಂಚು ಎಲ್ಲಿ ಮುಗಿದು ಬೇವಿನ ಮರ ಎಲ್ಲಿ ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ಹೆಸರುಗಳು ಓಡುತ್ತಿರುವಾಗಲೇ ಯಾರೋ ಅವಸರಪಟ್ಟು ಉದ್ಯಾನದ ದೀಪಗಳನ್ನು ಹಾಕಿದರು. ಚಿತ್ರ ಇನ್ನೂ ನಡೆಯುತ್ತಿತ್ತು. ಆದರೆ ಕಾಣುತ್ತಿದ್ದದ್ದು ಬಿಳಿ ಬಟ್ಟೆ, ಅದರ ನಡುವಿನ ದಪ್ಪ ಹೊಲಿಗೆ, ಹೊಲಿಗೆಯ ಮೇಲೆ ಸಾಲಾಗಿ ಕುಳಿತ ಗೆದ್ದಲುಗಳು.