ಹೆಸರು ಬರೆಸಿ ಸ್ಟ್ರೆಸ್ ಅಳೆಯಬೇಡಿ

‘ನಮ್ಮ ಸಿಸ್ಟರ್‌ಗಳಿಗೆ, ಡಾಕ್ಟರ್‌ಗಳಿಗೆ ಸ್ಟ್ರೆಸ್ ಎಷ್ಟಿದೆ ಅಂತ ಅಳೆದುಕೊಡಿ’ ಅಂತ ಆಸ್ಪತ್ರೆಯವರು ಕರೆಯುತ್ತಾರೆ. ಹೋಗುತ್ತೇನೆ. ಫಾರ್ಮ್ ತೋರಿಸಿದ ಕೂಡಲೇ ಮೇಲೊಂದು ಸಾಲು ಸೇರಿಸಿ ಅನ್ನುತ್ತಾರೆ: ಹೆಸರು, ಎಂಪ್ಲಾಯಿ ನಂಬರ್. ಯಾರಿಗೆ ಕಷ್ಟ ಅಂತ ಗೊತ್ತಾದರೆ ಸಹಾಯ ಮಾಡಬಹುದು ಅಲ್ವಾ ಅನ್ನುವುದು ಅವರ ಮಾತು.

ಉದ್ದೇಶ ಒಳ್ಳೆಯದೇ ಇರಬಹುದು. ಆದರೂ ಬೇಡ.

ಬರ್ನ್‌ಔಟ್, ಅಂದರೆ ಕೆಲಸದ ಒತ್ತಡದಿಂದ ಮನಸ್ಸು ಬತ್ತಿಹೋಗುವುದನ್ನು ಅಳೆಯುವ ಮಾಸ್ಲಾಕ್ ಪ್ರಶ್ನಾವಳಿಯನ್ನೇ ತಗೊಳ್ಳಿ. 1981ರಿಂದ ಬಳಕೆಯಲ್ಲಿದೆ, 22 ಪ್ರಶ್ನೆ. ರೋಗಿಗಳ ಬಗ್ಗೆ ಮನಸ್ಸು ಕಲ್ಲಾಗುತ್ತಿದೆಯಾ ಅನ್ನುವಂಥದ್ದನ್ನೂ ಕೇಳುತ್ತದೆ. ‘ಯಾವತ್ತೂ ಇಲ್ಲ’ ಅಂದರೆ 0, ‘ದಿನಾ’ ಅಂದರೆ 6. ಕಾಂಟ್ರಾಕ್ಟ್ ಮೇಲಿರುವ ಸ್ಟಾಫ್ ನರ್ಸ್ ತನ್ನ ಹೆಸರಿನ ಕೆಳಗೆ 6ಕ್ಕೆ ಟಿಕ್ ಹಾಕುತ್ತಾರಾ? ನಾನಾದರೂ ಹಾಕುವುದಿಲ್ಲ.

ಹೆಸರು ತೆಗೆದರೆ ಮುಗಿಯಿತು ಅಂತಲೂ ಅಲ್ಲ. ಐಸಿಯುನಲ್ಲಿ ಐದೇ ಜನ ಸಿಸ್ಟರ್, ಫಾರ್ಮಿನಲ್ಲಿ ವಯಸ್ಸು, ಸರ್ವಿಸ್, ಮದುವೆ ಆಗಿದೆಯಾ ಎಲ್ಲ ಕೇಳಿದ್ದೀರಿ ಅಂದರೆ ಅದು ಯಾರದ್ದು ಅಂತ ಇನ್‌ಚಾರ್ಜ್‌ಗೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಹತ್ತು ಜನಕ್ಕಿಂತ ಕಡಿಮೆ ಇರುವ ವಾರ್ಡಿನ ಲೆಕ್ಕವನ್ನು ನಾನು ಬೇರೆ ಕೊಡುವುದಿಲ್ಲ, ಪಕ್ಕದ ವಾರ್ಡಿಗೆ ಸೇರಿಸುತ್ತೇನೆ.

ಇನ್ನು ಸಹಾಯದ ಮಾತು. ಈ ಅಂಕ ನೋಡಿ ಯಾರಿಗೂ ಕಾಯಿಲೆ ಇದೆ ಅನ್ನಲಾಗದು. ಖಿನ್ನತೆ ಇದೆಯಾ ಅನ್ನುವುದನ್ನು ಎದುರು ಕೂತು ಮಾತಾಡಿಯೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಬರ್ನ್‌ಔಟನ್ನು ಕಾಯಿಲೆ ಅನ್ನಲಿಲ್ಲ, ಕೆಲಸಕ್ಕೆ ಸಂಬಂಧಿಸಿದ್ದು ಅಂತಷ್ಟೇ ಹೇಳಿತು. ಹಾಗಾಗಿ ಅಂಕ ಜಾಸ್ತಿ ಬಂದರೆ ಮೊದಲು ಡ್ಯೂಟಿ ಚಾರ್ಟ್ ತೆಗೆದು ನೋಡಿ. ಯಾರಿಗಾದರೂ ಈಗಲೇ ಮಾತಾಡಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಆ ನಂಬರನ್ನು ಫಾರ್ಮಿನ ಕೆಳಗೇ ಅಚ್ಚು ಹಾಕಿಸಿ. ಮ್ಯಾನೇಜರ್‌ಗೆ ಹೇಳಿ ಮಾಡಬೇಕಾದ ಫೋನಲ್ಲ ಅದು.

ಒಂದು ಆಸ್ಪತ್ರೆಯಲ್ಲಿ ಹೆಸರು ಬರೆಸುವುದಕ್ಕೆ ನಾನೂ ಒಪ್ಪಿಬಿಟ್ಟಿದ್ದೆ. ನೈಟ್ ಡ್ಯೂಟಿ ಮುಗಿಸಿ ಬಂದ ಸಿಸ್ಟರ್ ಒಬ್ಬರು, ‘ಸರ್, ಇದು ಮ್ಯಾಟ್ರನ್ ಹತ್ರ ಹೋಗುತ್ತಾ?’ ಅಂದರು. ಹೌದು ಅಂದೆ. ಮೇಲಿಂದ ಕೆಳಗಿನವರೆಗೂ ಸೊನ್ನೆ ಹಾಕಿ ಎದ್ದು ಹೋದರು. ನಿಮ್ಮ ಕೆಲಸದಿಂದ ಜನರಿಗೆ ಒಳ್ಳೆಯದಾಗುತ್ತಿದೆಯಾ ಅನ್ನುವ ಥರದ ಪ್ರಶ್ನೆಗೂ ಸೊನ್ನೆ!

ಮುಂದಿನ ಸಲ ಹೆಸರು ಕೇಳಲಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಬೀಗ ಹಾಕಿದ ಡಬ್ಬಿ ಇಟ್ಟೆವು. ಒಂದು ಫಾರ್ಮಿನ ಕೊನೆಯ ಖಾಲಿ ಜಾಗದಲ್ಲಿ ಯಾರೋ ಬರೆದಿದ್ದರು: ‘ನೈಟ್ ಯಾವಾಗ ಅಂತ ಒಂದು ವಾರ ಮೊದಲೇ ಹೇಳಿ. ಮಗುವನ್ನು ಅಮ್ಮನ ಮನೆಗೆ ಬಿಟ್ಟು ಬರಬೇಕು.’