ಮೇನ್ ಬಂದ್ ಮಾಡೀನ್ರಿ ಅಂದ ಮೇಲೂ

ಮೊನ್ನೆ ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಹಳೇ ಮನೆಗೆ ಸ್ವಿಚ್ ಬದಲಿಸಲು ಹೋಗಿದ್ದೆ. ಮನೆ ಹಿರಿಯರು ನಾನು ಬರುವಷ್ಟರಲ್ಲಿ ಬೋರ್ಡ್ ಬಿಚ್ಚಿ ಕೂತಿದ್ದರು. "ಮೇನ್ ಬಂದ್ ಮಾಡೀನ್ರಿ, ಏನೂ ಆಗಂಗಿಲ್ಲ" ಅಂದರು. ಸ್ಕ್ರೂಗೆ ಟೆಸ್ಟರ್ ಹಿಡಿದೆ. ಹೊತ್ತಿತು!

ಹಾಲ್‌ನ ಲೈಟುಗಳು ಯುಪಿಎಸ್ ಮೇಲಿದ್ದವು. ಮೇನ್ ಬಂದ್ ಆದ ಕೂಡಲೇ ಕರೆಂಟ್ ಹೋಯಿತೆಂದು ಅದು ತನ್ನ ಕೆಲಸ ಶುರು ಮಾಡಿತ್ತು. "ಬ್ಯಾಟರಿ 12 ವೋಲ್ಟ್ ಅಲ್ವಾ?" ಎಂದು ಕೇಳುವವರಿದ್ದಾರೆ. ಬ್ಯಾಟರಿ 12 ಇರಬಹುದು, ಯುಪಿಎಸ್‌ನಿಂದ ವೈರಿಗೆ ಬರುವುದು ಹೆಸ್ಕಾಂ ಕೊಡುವಷ್ಟೇ, ಸುಮಾರು 230 ವೋಲ್ಟ್. ಹಾಗಂತ ಯುಪಿಎಸ್ ಒಂದನ್ನೇ ಆಫ್ ಮಾಡಿದರೂ ಸಾಲದು. ಮೇನ್ ಕರೆಂಟ್ ಅದರೊಳಗಿಂದಲೇ ಹಾಯ್ದು ಬರುತ್ತಿರುತ್ತದೆ. ಎರಡೂ ಬಂದ್ ಆಗಬೇಕು.

ಟೆಸ್ಟರನ್ನೂ ಸುಮ್ನೆ ನಂಬಬೇಡಿ. ಮೇನ್ ಬಂದ್ ಮಾಡುವ ಮೊದಲೇ ಕರೆಂಟ್ ಇರುವ ಪ್ಲಗ್ಗಿನಲ್ಲಿ ಹೊತ್ತುತ್ತದೆಯೇ ನೋಡಿ. ಪ್ಲಾಸ್ಟಿಕ್ ಸ್ಟೂಲ್ ಮೇಲೆ ನಿಂತರೆ ಅದು ಮಂಕಾಗಿ ಹೊತ್ತುವುದುಂಟು, ಬಿಸಿಲಲ್ಲಿ ಕಾಣುವುದೇ ಇಲ್ಲ. ಬದಲಿಸುವ ಸ್ವಿಚ್ ಅಷ್ಟೇ ಅಲ್ಲ, ಬೋರ್ಡಿನ ಎಲ್ಲ ಸ್ಕ್ರೂಗಳನ್ನೂ ಮುಟ್ಟಿಸಿ ನೋಡಿ. ಕೆಲವೊಮ್ಮೆ ಒಂದೇ ಬೋರ್ಡಿಗೆ ಎರಡು ಲೈನ್ ಬಂದಿರುತ್ತವೆ.

ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ. ಸಾಮಾನ್ಯವಾಗಿ ಒಂದು ಸ್ವಿಚ್ಚಿನಿಂದ ಇನ್ನೊಂದಕ್ಕೆ ಫೇಸ್, ಅಂದರೆ ಕರೆಂಟ್ ತರುವ ವೈರ್, ಲೂಪ್ ಆಗಿ ಹೋಗಿರುತ್ತದೆ. ಅದು ಬಿಟ್ಟುಹೋದರೆ ಪಕ್ಕದ ಫ್ಯಾನೂ ನಿಲ್ಲುತ್ತದೆ. ಸ್ಕ್ರೂ ಬಿಗಿ ಮಾಡಿ ಒಂದೊಂದೇ ವೈರ್ ಜಗ್ಗಿ ನೋಡಿ. ಸಡಿಲ ವೈರೇ ಬಿಸಿಯಾಗಿ ಸ್ವಿಚ್ ಸುಡುವುದು. ಲೈಟಿಗೆ 6 ಆಂಪಿಯರ್ ಸ್ವಿಚ್ ಸಾಕು. ಗೀಸರಿಗೆ ಮಾತ್ರ ಅದನ್ನು ಹಾಕಬೇಡಿ. 2000 ವ್ಯಾಟ್ ಗೀಸರ್ ಹತ್ತಿರತ್ತಿರ 9 ಆಂಪಿಯರ್ ಎಳೆಯುತ್ತದೆ, ಅದಕ್ಕೆ 16 ಆಂಪಿಯರ್‌ದೇ ಬೇಕು.

ಹಳೇ ಮನೆಗಳಲ್ಲಿ ಇನ್ನೊಂದು ಚಾಳಿ ಕಾಣುತ್ತದೆ. ಫೇಸ್ ಬದಲು ನ್ಯೂಟ್ರಲನ್ನು, ಅಂದರೆ ಕರೆಂಟ್ ವಾಪಸ್ ಹೋಗುವ ವೈರನ್ನು, ಸ್ವಿಚ್ಚಿಗೆ ಕೊಟ್ಟಿರುತ್ತಾರೆ. ಲೈಟ್ ಆರುತ್ತದೆ, ಹೋಲ್ಡರಿನಲ್ಲಿ ಮಾತ್ರ ಕರೆಂಟ್ ಹಾಗೇ. ಬಲ್ಬ್ ಬದಲಿಸಲು ಹೋದವರಿಗೆ ಹೊಡೆಯುವುದು ಇದೇ. ಆಫ್ ಮಾಡಿದ ಮೇಲೂ ಎಲ್‌ಇಡಿ ಸಣ್ಣಗೆ ಹೊಳೆಯುತ್ತಿದ್ದರೆ ಒಮ್ಮೆ ಎಲೆಕ್ಟ್ರಿಷಿಯನ್‌ಗೆ ಇದನ್ನೂ ತೋರಿಸಿ. ವೈರಿನ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಅವತ್ತು ಕೈಗೆ ಸಿಕ್ಕ ವೈರ್ ಎಳೆದವರೇ ಜಾಸ್ತಿ.

ಮಾಳಮಡ್ಡಿಯ ಆ ಬೋರ್ಡಿನಲ್ಲೂ ಸ್ವಿಚ್ಚಿಗೆ ಬಂದದ್ದು ನ್ಯೂಟ್ರಲ್ಲೇ. ಮೊದಲು ಟೆಸ್ಟರ್ ಹೊತ್ತಿದ್ದು ಬಲ್ಬಿನ ಮೂಲಕ ಹಾಯ್ದು ಬಂದ ಫೇಸಿಗೆ. ಸ್ವಿಚ್ ಹಾಕಲು ಹತ್ತು ನಿಮಿಷ. ಫೇಸ್ ಹುಡುಕಿ ಅಲ್ಲಿಗೆ ತರುವಷ್ಟರಲ್ಲಿ ಊಟದ ಹೊತ್ತಾಗಿತ್ತು.