ಇಳಿಯಬೇಕೋ, ಮತ್ತೆ ಏರಬೇಕೋ?

ಮಳೆಗಾಲ ಹಿಡಿಯಿತೆಂದರೆ ಕಾಸರಗೋಡಿನ ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ: "ಬಜ್ಪೆಯಲ್ಲಿ ಇಳೀಲಿಕ್ಕೆ ಆಗ್ಲಿಲ್ಲವಂತೆ, ಫ್ಲೈಟು ಬೆಂಗಳೂರಿಗೆ ಹೋಯ್ತಂತೆ." ಬಜ್ಪೆ ಎಂದರೆ ಮಂಗಳೂರಿನ ವಿಮಾನ ನಿಲ್ದಾಣ. ಗಲ್ಫಿನಿಂದ ಬರುವವರನ್ನು ಕರೆತರಲು ಕಾರು ಮಾಡಿಕೊಂಡು ಹೋದವರಿಗೆ ಬೇಸರವಾಗುವುದು ಸಹಜ. ಅದೇ ಹೊತ್ತಿಗೆ ಇನ್ನೊಂದು ವಿಮಾನ ಇಳಿಯಿತಲ್ಲ, ಇದಕ್ಕೇನಾಯಿತು ಎಂದು ಕೇಳುತ್ತಾರೆ. ನಮಗಿಂತ ಮುಂದೆ ಹೋದವನು ಇಳಿದನಲ್ಲ ಎಂಬ ಈ ಯೋಚನೆ ಕಾಕ್‌ಪಿಟ್ಟಿನೊಳಗೂ ಬರುತ್ತದೆ. ಅಲ್ಲಿ ಅದು ಬಹಳ ಅಪಾಯಕಾರಿ.

ಕಾಸರಗೋಡಿನವರು ಹೆಚ್ಚಾಗಿ ಬಳಸುವ ಮಂಗಳೂರು, ಕಣ್ಣೂರು, ಕಲ್ಲಿಕೋಟೆ ಮೂರೂ ಗುಡ್ಡದ ತಲೆ ಸಮತಟ್ಟು ಮಾಡಿ ಕಟ್ಟಿದ 'ಟೇಬಲ್ ಟಾಪ್' ನಿಲ್ದಾಣಗಳು. ರನ್‌ವೇ ಮುಗಿದಲ್ಲಿ ನೆಲ ಕೆಳಗೆ ಜಾರುತ್ತದೆ. ಬಯಲುಸೀಮೆಯಲ್ಲಿ ರನ್‌ವೇ ದಾಟಿದ ವಿಮಾನ ಕೆಸರಿನಲ್ಲಿ ಹೂತು ನಿಲ್ಲಬಹುದು. ಇಲ್ಲಿ ಆ ಅವಕಾಶ ಇಲ್ಲ.

ಬೋಯಿಂಗ್ 737ರಂಥ ವಿಮಾನ ಇಳಿಯುವಾಗ ಅದರ ವೇಗ ಗಂಟೆಗೆ ಸುಮಾರು 260 ಕಿ.ಮೀ. ಮೂರು ಡಿಗ್ರಿ ಇಳಿಜಾರಿನಲ್ಲಿ ಬರುವಾಗ ಪ್ರತಿ ಸೆಕೆಂಡಿಗೆ ಹತ್ತಿರಹತ್ತಿರ 12 ಅಡಿ ಎತ್ತರ ಕಳೆದುಕೊಳ್ಳುತ್ತದೆ. ಸಾವಿರ ಅಡಿಯಿಂದ ನೆಲ ಮುಟ್ಟಲು ಬೇಕಾದದ್ದು ಒಂದೂಕಾಲು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಮೋಡದೊಳಗಿದ್ದರೆ ಈ ಸಾವಿರ ಅಡಿಯಲ್ಲೇ ಮೊದಲ ಪರೀಕ್ಷೆ. ವೇಗ, ಇಳಿಯುವ ದರ, ರನ್‌ವೇಯ ನೇರ, ರೆಕ್ಕೆಯ ಫ್ಲಾಪು, ಚಕ್ರ ಎಲ್ಲವೂ ಇರಬೇಕಾದಂತೆ ಇರಬೇಕು. ಇಲ್ಲದಿದ್ದರೆ ಇಳಿಯುವ ಯತ್ನ ಬಿಟ್ಟು ಮೇಲೇರಬೇಕು. ಇದಕ್ಕೆ 'ಗೋ ಅರೌಂಡ್' ಎನ್ನುತ್ತಾರೆ.

ಮುಂದಿನದು 'ಡಿಸಿಷನ್ ಹೈಟ್', ಅಂದರೆ ನಿರ್ಧಾರದ ಎತ್ತರ. ಐಎಲ್ಎಸ್ ಎಂಬ ರೇಡಿಯೋ ದಾರಿ ಹಿಡಿದು ಇಳಿಯುವ ಸಾಮಾನ್ಯ ಕ್ಯಾಟ್-1 ವ್ಯವಸ್ಥೆಯಲ್ಲಿ ಇದು 200 ಅಡಿಗಿಂತ ಕಡಿಮೆ ಇರುವಂತಿಲ್ಲ. ಸುತ್ತಲಿನ ಗುಡ್ಡ, ಉಪಕರಣ ನೋಡಿ ಹೆಚ್ಚೂ ಆಗಬಹುದು. ಅಲ್ಲಿಗೆ ಬರುವಾಗ ವಿಮಾನವೇ "ಮಿನಿಮಮ್ಸ್" ಎಂದು ಕೂಗುತ್ತದೆ. ರನ್‌ವೇ ಅಥವಾ ಅದರ ಮುಂದಿನ ದೀಪಸಾಲು ಕಂಡರೆ ಮುಂದುವರಿಯಬಹುದು. ಕಾಣದಿದ್ದರೆ ಮೇಲಕ್ಕೆ. ಇನ್ನೆರಡು ಸೆಕೆಂಡು ನೋಡೋಣ ಎನ್ನುವಂತಿಲ್ಲ. ಮೇಲೇರಲು ನಿರ್ಧರಿಸಿದ ಮೇಲೂ ಎಂಜಿನ್ ಪೂರ್ತಿ ಶಕ್ತಿಗೆ ಬರುವಷ್ಟರಲ್ಲಿ ವಿಮಾನ ಇನ್ನೊಂದಿಷ್ಟು ಅಡಿ ಕೆಳಗಿಳಿದಿರುತ್ತದೆ.

ಈ ಅಂಕಿಗಳನ್ನು ನೆಲದ ಮೇಲೆ, ತಲೆ ತಣ್ಣಗಿದ್ದಾಗ ನಿಗದಿ ಮಾಡಿಟ್ಟಿರುವುದಕ್ಕೆ ಕಾರಣವಿದೆ. ಆ ಕೊನೆಯ ಸೆಕೆಂಡುಗಳಲ್ಲಿ ಮನುಷ್ಯನ ಮನಸ್ಸು ಇಳಿಯುವ ಕಡೆಗೇ ವಾಲುತ್ತದೆ. ಗಂಟೆಗಟ್ಟಲೆ ಹಾರಿ ಬಂದಾಗಿದೆ, ರನ್‌ವೇ ಇಲ್ಲೇ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಲಿಂಕನ್ ಪ್ರಯೋಗಾಲಯದವರು ಡಲ್ಲಾಸ್ ನಿಲ್ದಾಣಕ್ಕೆ ಗುಡುಗುಮಳೆಯಲ್ಲಿ ಬಂದ ವಿಮಾನಗಳ ಜಾಡನ್ನು ರಡಾರಿನಲ್ಲಿ ಪರಿಶೀಲಿಸಿ 1999ರಲ್ಲಿ ವರದಿ ಕೊಟ್ಟರು. ಬಿರುಮಳೆಯ ಮೋಡ ಎದುರಾದ ಸಂದರ್ಭಗಳಲ್ಲಿ ಸುಮಾರು ಮೂರನೇ ಎರಡರಷ್ಟು ಸಲ ಪೈಲಟ್‌ಗಳು ಅದರೊಳಗೇ ನುಗ್ಗಿದ್ದರು. ಹೀಗೆ ನುಗ್ಗುವುದು ಹೆಚ್ಚಾಗುತ್ತಿದ್ದದ್ದು ರನ್‌ವೇ ಹತ್ತಿರವಾದಾಗ, ಕತ್ತಲಾದ ಮೇಲೆ, ವಿಮಾನ ತಡವಾಗಿದ್ದಾಗ ಮತ್ತು ಮುಂದೆ ಇನ್ನೊಂದು ವಿಮಾನ ಹೋಗುತ್ತಿದ್ದಾಗ. ಮಳೆಮೋಡವೋ ನಿಮಿಷದೊಳಗೆ ಬದಲಾಗುತ್ತದೆ. ಮುಂದಿನವನಿಗೆ ಸಿಕ್ಕ ಗಾಳಿ ಹಿಂದಿನವನಿಗೂ ಸಿಗುತ್ತದೆಂದು ಯಾರೂ ಹೇಳುವಂತಿಲ್ಲ.

2020ರ ಆಗಸ್ಟ್ 7ರ ರಾತ್ರಿ ಕಲ್ಲಿಕೋಟೆಯಲ್ಲಿ ಆದದ್ದನ್ನು ನೋಡಿ. ಕೋವಿಡ್ ಕಾಲದಲ್ಲಿ 190 ಜನರನ್ನು ಹೊತ್ತು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮೊದಲ ಸಲ ಇಳಿಯದೆ ಮೇಲೇರಿತು. ಅದು ಸರಿಯಾದ ನಿರ್ಧಾರ. ಎರಡನೇ ಸಲ ರನ್‌ವೇಯ ಇನ್ನೊಂದು ತುದಿಯಿಂದ ಬಂತು. ಗಾಳಿ ಈಗ ಹಿಂದಿನಿಂದ ನೂಕುತ್ತಿತ್ತು. ಜಡಿಮಳೆ ಬೇರೆ, ಕ್ಯಾಪ್ಟನ್ ಕಡೆಯ ವೈಪರ್ ಮೊದಲ ಯತ್ನದಲ್ಲೇ ನಿಂತುಹೋಗಿತ್ತು. 8,858 ಅಡಿ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು 4,438 ಅಡಿ ದಾಟಿದ ಮೇಲೆ. ಸಾಮಾನ್ಯವಾಗಿ ಮೊದಲ ಮೂರು ಸಾವಿರ ಅಡಿಯೊಳಗೆ ಮುಟ್ಟಬೇಕು. ವಿಮಾನ ರನ್‌ವೇ ದಾಟಿ ಕೆಳಗೆ ಬಿತ್ತು. 21 ಜನ ತೀರಿಕೊಂಡರು, ಇಬ್ಬರು ಪೈಲಟ್‌ಗಳೂ ಸೇರಿ.

ಕ್ಯಾಪ್ಟನ್ ಹೊಸಬರಲ್ಲ, ಬಹಳ ಅನುಭವಿ. ತನಿಖಾ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ: ಮರುದಿನ ಬೆಳಿಗ್ಗೆ ಅದೇ ಊರಿನಿಂದ ಇನ್ನೊಂದು ವಿಮಾನವನ್ನು ಅವರೇ ಹಾರಿಸಬೇಕಿತ್ತು, ಅಲ್ಲಿ ಬೇರೆ ಕ್ಯಾಪ್ಟನ್‌ಗಳ ಕೊರತೆ ಇತ್ತು. ಬೇರೆ ಊರಿಗೆ ಹೋದರೆ ನಾಳೆಯ ಗತಿ ಏನು ಎಂಬ ಚಿಂತೆ ಹೊತ್ತವರಿಗೆ ಮೋಡವೂ ತೆಳುವಾಗಿಯೇ ಕಾಣುತ್ತದೆ. ಡ್ಯೂಟಿ ಪಟ್ಟಿ ಬರೆಯುವವರ ಮೇಜೂ ಸುರಕ್ಷತೆಯ ಭಾಗವೇ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಬೇರೆ ಊರಿಗೆ ಹೋಗುವುದಕ್ಕೆ ಬೇಕಾದ ಇಂಧನ ಹೊರಡುವಾಗಲೇ ಟ್ಯಾಂಕಿನಲ್ಲಿರುತ್ತದೆ. ಇಳಿಯಬೇಕಾದ ಊರಿಗೆ ಬೇಕಾದಷ್ಟು, ಅಲ್ಲಿಂದ ಬದಲಿ ನಿಲ್ದಾಣಕ್ಕೆ ಬೇಕಾದಷ್ಟು, ಅದರ ಮೇಲೆ ಕೈ ಹಚ್ಚಬಾರದ 30 ನಿಮಿಷದ ಮೀಸಲು. ಆಕಾಶದಲ್ಲಿ ಹಾಕುವ ಒಂದೊಂದು ಸುತ್ತೂ ಇದರಲ್ಲೇ ಕಳೆಯುತ್ತದೆ. ಹಾಗಾಗಿ ಇಷ್ಟಕ್ಕೆ ಬಂದರೆ ಹೊರಡುವುದು ಎಂಬ ಅಂಕಿಯನ್ನೂ ಪೈಲಟ್ ಮೊದಲೇ ಹಾಕಿಕೊಂಡಿರುತ್ತಾರೆ.

ಮಂಗಳೂರಿನ 2010ರ ಮೇ 22ರ ದುರಂತದಲ್ಲಿ ಕಾಸರಗೋಡಿನ ಎಷ್ಟೋ ಮನೆಗಳವರು ತಮ್ಮವರನ್ನು ಕಳೆದುಕೊಂಡರು. 166ರಲ್ಲಿ ಉಳಿದದ್ದು 8 ಜನ. ಆ ಬೆಳಿಗ್ಗೆ ಹವೆ ಕೆಟ್ಟಿರಲಿಲ್ಲ. ವಿಮಾನ ತೀರಾ ಎತ್ತರದಲ್ಲಿ, ವೇಗವಾಗಿ ಬಂದಿತ್ತು. ಮೇಲೇರೋಣ ಎಂದು ಕೋ-ಪೈಲಟ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಇಳಿಸುವುದನ್ನೇ ಮುಂದುವರಿಸಿದರು. ನೆಲ ಮುಟ್ಟಿದ್ದು ಸುಮಾರು 5,200 ಅಡಿ ದಾಟಿ. ರನ್‌ವೇ ಇದ್ದದ್ದೇ ಎಂಟು ಸಾವಿರ ಅಡಿ ಚಿಲ್ಲರೆ. ಹವೆ ಸರಿಯಿದ್ದಾಗಲೇ ಮನಸ್ಸು ಹೀಗೆ ಹಟ ಹಿಡಿಯುವುದಾದರೆ ಮಳೆಯಲ್ಲಿ ಕೇಳಬೇಕೆ?

ಎರಡು ಸಲ ಎಚ್ಚರಿಸಿದರೂ ಹಾರಿಸುತ್ತಿರುವವರಿಂದ ಉತ್ತರ ಬಾರದಿದ್ದರೆ ಪಕ್ಕದವರು ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಳ್ಳಬೇಕೆಂದು ಅನೇಕ ವಿಮಾನ ಸಂಸ್ಥೆಗಳಲ್ಲಿ ನಿಯಮವಿದೆ. ಹಿರಿಯರ ಎದುರು ದನಿ ಎತ್ತುವುದೇ ಕಷ್ಟವಾಗಿರುವ ನಮ್ಮಲ್ಲಿ ಇದನ್ನು ಕಾಗದದ ಮೇಲೆ ಬರೆದಿಟ್ಟರೆ ಸಾಲದು. ಕಲ್ಲಿಕೋಟೆಯಲ್ಲೂ ಕೋ-ಪೈಲಟ್ ಗೋ ಅರೌಂಡ್ ಎಂದು ಹೇಳಿದ್ದರು. ನಿಯಂತ್ರಣಕ್ಕೆ ಕೈ ಹಾಕಲಿಲ್ಲ. ನೆಲದ ಮೇಲೆಯೇ ಹಾರಾಟದ ಅಭ್ಯಾಸ ಮಾಡಿಸುವ ಸಿಮ್ಯುಲೇಟರಿನಲ್ಲಿ ಕ್ಯಾಪ್ಟನ್ ಬೇಕೆಂದೇ ಮಾತಾಡದೆ ಕುಳಿತು, ಕಿರಿಯರು ವಿಮಾನವನ್ನು ಕೈಗೆ ತೆಗೆದುಕೊಂಡು ಮೇಲೇರಿಸುವ ಅಭ್ಯಾಸ ಈಗಲೂ ನಡೆಯುತ್ತದೆ. ಅದು ಪ್ರತಿ ಮಳೆಗಾಲಕ್ಕೆ ಮುಂಚೆ, ಈ ಗುಡ್ಡದ ರನ್‌ವೇಗಳನ್ನೇ ಪರದೆಯ ಮೇಲೆ ತಂದು, ಕೈಗೆ ರೂಢಿಯಾಗುವವರೆಗೆ ನಡೆಯಬೇಕು.